ಹಳಿ ಕಡ

ರಾತ್ರಿ ಒಂದು ಹತ್ತಕ್ಕೆ ಹಳಿ ನಮ್ಮ ಕೈಗೆ ಬರುತ್ತದೆ.
ಎರಡು ಐವತ್ತಕ್ಕೆ ವಾಪಸು ಕೊಡಬೇಕು,
ಬಾಡಿಗೆ ಸೈಕಲ್ಲಿನ ಹಾಗೆ.

ಶಿವಮೊಗ್ಗದ ಎರಡನೇ ಪ್ಲಾಟ್‌ಫಾರ್ಮಿನ ಕೆಳಗೆ
ಭದ್ರಾವತಿಯ ಪೊನ್ನುರಂಗ ಜಾಕಿ ಒತ್ತುತ್ತಾನೆ.
ಕಾಂಕ್ರೀಟ್ ಪೆಟ್ಟಿಗೆ ಗೇಣು ಸರಿಯಿತು,
ಜಂಬಿಟ್ಟಿಗೆ ಮಣ್ಣು ಉದುರಿತು,
ನಕ್ಷೆಯಲ್ಲಿಲ್ಲದ ಪೈಪೊಂದು
ಬೆವರುತ್ತಾ ಹೊರಬಂತು.

ಯಾರದಪ್ಪಾ ಇದು?
ಈ ಹೊತ್ತಲ್ಲಿ ಯಾರನ್ನು ಎಬ್ಬಿಸಲಿ?
ಮೇಲೆ ಬೆಂಚಿನಲ್ಲಿ ಯಾರದೋ ಗೊರಕೆ.

ಪೊನ್ನುರಂಗ ಹೆಲ್ಮೆಟ್ ತೆಗೆದು
ಪೈಪಿಗೆ ಕಿವಿಯಿಟ್ಟ.
"ಜೀವ ಇದೆ ಸಾರ್. ತುಂಗೆ ಹರೀತಾ ಇದಾಳೆ."

ಗೋಣಿ ಸುತ್ತಿದೆವು, ಮರದ ದಿಮ್ಮಿ ಕೊಟ್ಟೆವು.
ಇವತ್ತಿಗೆ ಒಂದೇ ಗೇಣು.
ಎರಡು ನಲವತ್ತೆಂಟಕ್ಕೆ ಸಹಿ ಹಾಕಿ
ಹಳಿ ಒಪ್ಪಿಸಿದೆ.

ಲೆಕ್ಕವೆಲ್ಲ ಸರಿಯಿತ್ತು.
ಆದರೂ ಮೊದಲ ಗಾಡಿ ತಲೆಯ ಮೇಲೆ ಹಾಯುವಾಗ
ಇಬ್ಬರೂ ಚಾವಣಿಗೆ ಅಂಗೈ ಒತ್ತಿ ನಿಂತಿದ್ದೆವು,
ಹದಿನೆಂಟು ಬೋಗಿಯನ್ನು
ನಾವೇ ಹೊತ್ತ ಹಾಗೆ.