ಗುರುವಿಗೆ ಮೂರು ಮಾತ್ರೆ

ಇಪ್ಪತ್ತಾರು ವರ್ಷ ವಾಡಿಯ ಹೈಸ್ಕೂಲಿನ ಹಲಗೆಯ ಮೇಲೆ
ಅರ್ಧಚಂದ್ರ, ಅಡ್ಡಗೆರೆ ಎಳೆದವಳು ನಾನು.
ಯಮಾತಾರಾಜಭಾನಸಲಗಂ ಎಂದರೆ
ಹುಡುಗರು ಕಿಟಕಿಯಾಚೆ ರೈಲಿನ ಡಬ್ಬಿ ಎಣಿಸುತ್ತಿದ್ದರು.

ತಂತಿ ಕಚೇರಿ ಮುಚ್ಚಿತ್ತು,
ಮೊಯಿನುದ್ದೀನ್ ಸಾಬರ ಬೆರಳು ಮುಚ್ಚಿರಲಿಲ್ಲ.
ಚಹಾದ ಬಸಿಗೆ ಚಮಚ ತಾಕಿಸಿ ಒಂದು ದಿನ
ಡಾ ಡಿ ಡಾ ಅಂದರು.
"ರಗಣ," ಎಂದೆ, ರೂಢಿ.
"ಕೆ ಅಕ್ಷರರೀ ಇದು. ನಂದು ಮುಗೀತು, ಈಗ ನೀವು ಹೇಳ್ರಿ, ಅಂತ ಅರ್ಥ."

ರಗಣಕ್ಕೆ ಅಗ್ನಿ ದೇವತೆ ಎಂದು ಓದಿದ್ದೆ.
ಬಾಯಿ ಮುಚ್ಚಿ ಇನ್ನೊಬ್ಬರಿಗೆ ಬಿಟ್ಟುಕೊಡುವ ಗಣವೆಂದು
ಓದಿರಲಿಲ್ಲ.

ಹೈದರಾಬಾದಿನಲ್ಲಿ ಪರೀಕ್ಷೆ.
ಬಲಕ್ಕೆ ಮೀಸೆ ಮೂಡದ ಇಂಜಿನಿಯರಿಂಗ್ ಹುಡುಗ,
ಎಡಕ್ಕೆ ನಿವೃತ್ತ ಸುಬೇದಾರ.
ಓಮನ ನಿಯಮ, ಆಂಟೆನಾದ ಉದ್ದ, ಎಲ್ಲ ಬಂತು.
ಕೀಲಿ ಒತ್ತುವಲ್ಲಿ ಫೇಲು.

"ನಿಮ್ಮ ಗುರು ಗಿಡ್ಡ ಅದ ಟೀಚರ್," ಸಾಬರು ನಕ್ಕರು,
"ಎರಡು ಮಾತ್ರೆ ಸಾಲಂಗಿಲ್ಲ, ಮೂರು ಕೊಡ್ರಿ."
"ಮೂರು ಕೊಟ್ರ ಪ್ಲುತ ಆಗ್ತದ, ಸಾಬ್."
"ಆಗ್ಲಿ ಬಿಡ್ರಿ. ಕೂಗಿ ಕರಿಯೋದಲ್ಲೇನು ಇದು?"
ದೂರದವರನ್ನು ಕರೆವಾಗ ಪ್ಲುತ ಬರುತ್ತದೆಂದು
ಎಂಟನೆಯ ತರಗತಿಗೆ ನಾನೇ ಬರೆಸಿದ ನೋಟ್ಸು.

ಎರಡನೇ ಸಲ ಪಾಸು. ಆಮೇಲೆ ವಿಚಾರಣೆ.
ಜಮಾದಾರ ಅಂಗಳದಲ್ಲಿ ಕುರ್ಚಿ ಎಳೆದು ಕೂತು,
ಎರಡು ತಂಬಿಗೆ ನೀರು ಕುಡಿದು,
ಬೇವಿನ ಗಿಡಕ್ಕೆ ಬಿಗಿದ ತಂತಿ ನೋಡಿ
"ಮೊಬೈಲ್ ಇಲ್ಲೇನ್ರಿ ನಿಮ್ ಮನ್ಯಾಗ?" ಅಂದ.
"ಅದರಾಗ ಗೊತ್ತಿದ್ದವ್ರೇ ಸಿಗ್ತಾರ," ಅಂದೆ.
ಬರೆದುಕೊಂಡ. ಏನು ಬರೆದನೋ.

ಮೇ ತಿಂಗಳ ನಡುವೆ ಲೈಸೆನ್ಸ್ ಬಂತು,
ಲಕೋಟೆಯ ಮೇಲೂ ಸಿಮೆಂಟಿನ ಧೂಳು.
ಒಳಗೆ ನನಗೊಂದು ಹೊಸ ಹೆಸರು:
ವಿಯು ಎರಡು, ಮುಂದೆ ಮೂರು ಅಕ್ಷರ.
ಅಪ್ಪನದೂ ಇಲ್ಲ ಅದರಲ್ಲಿ, ಗಂಡನದೂ ಇಲ್ಲ.

ಮೊದಲು ಸಿಕ್ಕವನು ಇರ್ಕುಟ್ಸ್ಕಿನವನು.
ಹವೆ ಹೇಗಿದೆ ಎಂದ.
ನಾಲ್ಕು ಲಘು ಒಂದು ಗುರು, ಮತ್ತೆ
ನಾಲ್ಕು ಲಘು ಒಂದು ಗುರು: ನಲವತ್ತನಾಲ್ಕು.
ಕೈತಪ್ಪಿರಬೇಕು, ಇನ್ನೊಮ್ಮೆ, ಎಂದ.
ಇನ್ನೊಮ್ಮೆ ಒತ್ತಿದೆ, ಮೂರೂ ಮಾತ್ರೆ ತುಂಬಿಸಿ.
ಅವನಲ್ಲಿ ಆರು:
ಒಂದು ಗುರು, ಆಮೇಲೆ ನಾಲ್ಕು ಲಘು,
ನನ್ನ ನಾಲ್ಕನ್ನೇ ಒಳಮಗ್ಗುಲು ತಿರುವಿ ತೊಟ್ಟಂತೆ.

ಕಡೆಗೆ ಅವನ ರಗಣ.
ಹಿಂದೆ ಗೂಡ್ಸ್ ಗಾಡಿ ಹೊರಟಿತ್ತು, ಮೇಜು ನಡುಗುತ್ತಿತ್ತು.
ಅದು ದಾಟಲಿ ಎಂದು ಕೀಲಿ ಹಿಡಿದು ಕೂತೆ,
ಐವತ್ತೆಂಟು ಡಬ್ಬಿ.
ಅಷ್ಟೂ ಹೊತ್ತು ಇರ್ಕುಟ್ಸ್ಕಿನವನು ಕಾದ.