ಗೀಟು

ಪೆಟ್ಟಿಗೆ ಇಟ್ಟವಳು ನಾನೇ.
ಮಡಿಕೇರಿಯಿಂದ ಏಳು ಮೈಲಿ, ಕುರುಂಜಿಮೊಟ್ಟೆಯ ಪಡುವಣ ಪಕ್ಕೆಯಲ್ಲಿ
ಮೂರಡಿ ಗುಂಡಿ, ಗುಂಡಿಯೊಳಗೆ ವಾಲು ಅಳೆಯುವ ಕಡ್ಡಿ,
ಕಡ್ಡಿಯಿಂದ ತಂತಿ ಪಂಪ್‌ಹೌಸಿಗೆ,
ಅಲ್ಲಿ ಬುತ್ತಿ ಡಬ್ಬಿಯಷ್ಟು ಕಂಪ್ಯೂಟರು.
ಸೆಕೆಂಡಿಗೆ ಹತ್ತು ಸಲ
ಗುಡ್ಡ ಎಷ್ಟು ಓರೆಯಾಯಿತು ಎಂದು ಬರೆಯುವುದು ಅದರ ಕೆಲಸ.

ಬರೆಸಲು ನಾನು ಹಿಡಿದದ್ದು ಸುಲಭದ ದಾರಿ.
ಖಾಲಿ ಕಡತವನ್ನು ಮೊದಲೇ ಉದ್ದಕ್ಕೆ ಹಾಸಿ
ಅಷ್ಟಕ್ಕೂ ಮೆಮೊರಿಯಲ್ಲಿ ವಿಳಾಸ ಕೇಳಿದೆ.
ಕರ್ನೆಲ್ ಇಲ್ಲ ಅನ್ನಲಿಲ್ಲ.
ಹತ್ತೆಕರೆ ಬಾಣೆಗೆ ಪಟ್ಟೆ ಬರೆದುಕೊಟ್ಟ ಹಾಗೆ
ತಗೋ, ನಿನ್ನದು, ಅಂದಿತು.
ಒಂದು ಗೇಣು ನೆಲವನ್ನೂ ತಂದಿಟ್ಟಿರಲಿಲ್ಲ.
ಕಾಲಿಟ್ಟಾಗ ಮಾತ್ರ
ಕಾಲಡಿಗೆ ಆ ಒಂದು ಪುಟ ಓಡಿ ಬರುತ್ತದೆ;
ಮುಗ್ಗರಿಸಿ, ನಿಂತು, ಮತ್ತೆ ನಡೆದದ್ದು
ನಡೆಯುವವರಿಗೇ ತಿಳಿಯುವುದಿಲ್ಲ.
ಚೆಂದ ಅನ್ನಿಸಿತ್ತು ನನಗೆ.

ಆದರೆ ನನ್ನ ಪ್ರೋಗ್ರಾಮಿಗೂ ಡಿಸ್ಕಿಗೂ ನಡುವೆ
ಹಿಂದಿನವರು ನಾಡು-ನಾಡಿನ ನಡುವೆ ತೋಡಿದಂಥ ಕಡಂಗವಿದೆ.
ನಾನು ಬರೆದದ್ದು ಈಚೆ ದಡದಲ್ಲೇ ಕೂರುತ್ತದೆ.
ಹಾಗೆ ಕೂತ ಪುಟಕ್ಕೆ ಅವರ ಭಾಷೆಯಲ್ಲಿ ಕೊಳೆ ಪುಟ ಎಂದು ಹೆಸರು.
ಕೊಳೆ ಒಯ್ದು ಒಗೆಯಲು ಕರ್ನೆಲ್‌ಗೆ ಅದರದೇ ಹೊತ್ತು:
ಮೂವತ್ತು ಸೆಕೆಂಡು.
ಅಷ್ಟೇ ತಾನೆ, ಅಂದುಕೊಂಡಿದ್ದೆ.

ಕಕ್ಕಡದ ಇಪ್ಪತ್ತಮೂರು, ರಾತ್ರಿ ಎರಡು ಗಂಟೆ ದಾಟಿ ಹತ್ತು ನಿಮಿಷ.
ಪಂಪ್‌ಹೌಸಿನ ಗೋಡೆ ಬಂತು, ಕರೆಂಟು ಹೋಯಿತು.
ನಾಲ್ಕನೆಯ ದಿನ ಕೆಸರಿನಿಂದ ತೆಗೆದ ಡಬ್ಬಿಯೊಳಗೆ
ಕಡತ ಸುಖವಾಗಿತ್ತು.

ತನಿಖೆಯ ಸಾಹೇಬರು ಪರದೆಯ ಮೇಲೆ ಬೆರಳಿಟ್ಟು ಓದಿದರು.
ಎರಡೂ ಹತ್ತೂ ಹದಿನಾಲ್ಕು ಸೆಕೆಂಡಿನವರೆಗೆ ಎಂದಿನ ಅಂಕಿ,
ಆಮೇಲೆ ಸೊನ್ನೆ, ಸೊನ್ನೆ, ಸೊನ್ನೆ.
"ಸೊನ್ನೆ ಅಂದ್ರೆ ಅಲುಗಿಲ್ಲ. ಒಂದೇ ಏಟಿಗೆ ಬಿದ್ದಿದೆ.
ಮುನ್ಸೂಚನೆ ಇರಲಿಲ್ಲ ಅಂತ ಬರ್ಕೊಳ್ಳಿ."

ಹಂದಿಗೂಡು ಕಳಕೊಂಡ ಚೋಂದವ್ವ ಬಾಗಿಲಲ್ಲಿ ನಿಂತಿದ್ದಳು.
"ಮೊದಲು ಮೆಲ್ಲಗೆ ಸರೀತು.
ಪಾತ್ರೆ ಸದ್ದಾಯ್ತು. ಮಗು ಎತ್ಕೊಂಡೆ. ಕೊಡೆ ಹುಡುಕ್ದೆ, ಸಿಕ್ಕಲಿಲ್ಲ.
ಹೊರಗೆ ಬಂದ್ಮೇಲೆ ಬಿದ್ದದ್ದು."
ಅವಳ ಮಾತಿಗೆ ಕಾಲಂ ಇರಲಿಲ್ಲ.

ಬರೆದಿತ್ತು. ನನ್ನ ಪೆಟ್ಟಿಗೆ ಅದನ್ನೆಲ್ಲ ಬರೆದಿತ್ತು,
ಕಡಂಗ ದಾಟಿರಲಿಲ್ಲ.
ಹಾಸಿಟ್ಟ ಖಾಲಿ ಜಾಗವೇ ಸಾಕ್ಷಿ ಹೇಳುತ್ತಿತ್ತು.

ಮಳೆಮಾಪಕ ನೋಡುವ ಲೋಕಯ್ಯನ ಪುಸ್ತಕ ತಿರುವಿದೆ.
ಆ ಬೆಳಿಗ್ಗೆ ಎಂಟೂವರೆಗೆ ಒಂದು ಗೀಟು.
ಸೊನ್ನೆ ಯಾಕಲ್ಲ ಅಂದೆ.
ಕಿವಿಯ ಪೆನ್ಸಿಲು ತೆಗೆಯದೆಯೇ ಹೇಳಿದ:
"ಸೊನ್ನೆ ಅಂದ್ರೆ ನೋಡಿದ್ದೇನೆ, ಮಳೆ ಇರ್ಲಿಲ್ಲ.
ಗೀಟು ಅಂದ್ರೆ ನೋಡಿಲ್ಲ. ಮಾಪಕವೇ ಹೋಗಿತ್ತಲ್ಲ.
ಎರಡೂ ಒಂದೇ ಆದ್ರೆ ಪುಸ್ತಕ ಯಾಕಮ್ಮ?"

ಈಗ ನಡುವಿನ ಜಗಲಿ ಬೇಡ ಅಂದಿದ್ದೇನೆ, ನೇರ ಡಿಸ್ಕಿಗೆ.
ನೇರ ಹೋಗುವವರಿಗೆ ಕಟ್ಟುಪಾಡು ಹೆಚ್ಚು:
ಮೂಟೆಗೆ ನಾಲ್ಕು ಸಾವಿರದ ತೊಂಬತ್ತಾರು ಬೈಟು,
ಒಂದು ಕಡಿಮೆಯಾದರೂ ಕದ ತೆರೆಯದು,
ಮೂಟೆ ಗೆರೆಗೆ ಸರಿಯಾಗಿ ಕೂರಬೇಕು.
ಸೆಕೆಂಡಿಗೊಮ್ಮೆ ಕಳಿಸುವ ಮೂಟೆ ತುಂಬುವುದೇ ಇಲ್ಲ;
ಉಳಿದ ಜಾಗಕ್ಕೆ ಗೀಟು ಸುರಿಯುತ್ತೇನೆ.
ಡಿಸ್ಕಿಗೂ ಸ್ವಂತದ್ದೊಂದು ಕಿಸೆಯಿದೆ,
ಕೊಡವಿ ತೋರಿಸು ಅಂತ ಪ್ರತಿ ಸಲ ಕೇಳಬೇಕು.
ಬ್ಯಾಟರಿ ಬೇಗ ಮುಗಿಯುತ್ತದೆ. ಮೇಲಿನವರಿಗೆ ಸಿಟ್ಟು.

ಹಳೆಯ ಕಡತದ ಆ ಮುನ್ನೂರು ಸೊನ್ನೆ ಹಾಗೇ ಇವೆ.
ಅಳಿಸಲು ಕೈ ಹೋಗಿ ಹಿಂದೆ ಬಂತು.
ವರದಿಯ ಅಂಚಿನಲ್ಲಿ, ಲೋಕಯ್ಯನ ಪೆನ್ಸಿಲು ಇಸಿದುಕೊಂಡು,
ಒಂದು ಗೀಟೆಳೆದು ಬರೆದೆ:
೨.೧೦.೧೪ರಿಂದ, ಕೊಡೆ ಹುಡುಕುವಷ್ಟು ಹೊತ್ತು.