ಮುಸುಕಿನೊಳಗೆ ಏಳು ಗಿಡ

ಬೇಲಿ ನಮಗೆ ಗೊತ್ತು, ಒನೇಸಿಮೋ,
ಜೇನಿಗೆ ಗೊತ್ತಿಲ್ಲ.
ಪೇಟೆಯಿಂದ ತಂದು ನೆಟ್ಟೆಯಲ್ಲ ನೀನು
ಆ ದಪ್ಪ ಮೂತಿಯ ಸಪ್ಪೆ ಮೆಣಸು,
ಆ ವರ್ಷ ಏನೂ ಆಗಲಿಲ್ಲ. ನನ್ನ ಕಾಯಿ ನನ್ನ ಹಾಗೇ ಇತ್ತು:
ಸಣಕಲು, ಸೊಟ್ಟ, ತುದಿಯಲ್ಲಿ ಕೊಂಚ ಸಿಟ್ಟು.
ಅತ್ತೆ ಕೊಟ್ಟ ತಳಿ.
ಸರ ಕಟ್ಟಿ ಸೂರಿನಡಿ ತೂಗಿಬಿಟ್ಟೆ,
ಬೀಜ ಬಿಡಿಸಿ ಡಬ್ಬಿಗೆ ಹಾಕಿದೆ.
ಕೇಡು ಬೀಜದೊಳಗೆ ಕೂತು
ಒಂದು ಚಳಿಗಾಲ ಪೂರ್ತಿ ನಿದ್ದೆ ಹೊಡೆಯಿತು.

ಮರುವರ್ಷ ಟ್ರೂಚಾಸ್ ನೆತ್ತಿಯ ಹಿಮ ಕರಗಿ
ಅಸೇಕಿಯಾ ಕಾಲುವೆಗೆ ನೀರು ಬಂದು,
ಮಂಗಳವಾರ ರಾತ್ರಿ ಎರಡಕ್ಕೆ ನನ್ನ ಸರದಿ,
ಒಬ್ಬಳೇ ಲಾಟೀನು ಹಿಡಿದು ಹೋಗಿ ತೂಬು ತೆಗೆದು,
ಅಷ್ಟೆಲ್ಲ ಆದ ಮೇಲೆ
ಆಗಸ್ಟಿನಲ್ಲಿ ಗಿಡ ನಿನ್ನ ಮುಖ ತೋರಿಸಿತು:
ಭುಜ ಅಗಲ, ತೊಗಲು ದಪ್ಪ,
ಕಚ್ಚಿದರೆ ಸೌತೆಕಾಯಿಯ ಸಂಬಂಧಿ.

ಬೇಲಿಯಾಚೆ ಒಂದನ್ನು ಎಸೆದೆ. ನೀನು ಎತ್ತಿ, ತಿರುಗಿಸಿ ನೋಡಿ,
"ಚೆನ್ನಾಗಿ ಬಂದಿದೆಯಲ್ಲ, ಫಿದೆಲಿನಾ" ಅಂದೆ.
ಅವತ್ತಿನಿಂದ ನಿನ್ನ ಜೊತೆ ಮಾತು ಬಿಟ್ಟೆ.
ಇಗರ್ಜಿಯಲ್ಲಿ ಶಾಂತಿ ಹೇಳುವಾಗ ಕೈ ಕೊಟ್ಟೆ;
ಅದು ಲೆಕ್ಕಕ್ಕಿಲ್ಲ.

ಅಟ್ಟದಲ್ಲಿ ಹಳೆಯ ಕಾಫಿ ಡಬ್ಬಿಯೊಂದಿತ್ತು,
ಅದೆಲೈದೋ ಬದುಕಿದ್ದಾಗಿನದು.
ಬೀಜಕ್ಕೆ ಮುದುಕರ ಹಲ್ಲಿನ ಬಣ್ಣ.
ನೂರು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಲೆಯ ಪಕ್ಕ ಇಟ್ಟೆ.
ಹತ್ತು ದಿನ ಏನಿಲ್ಲ. ಹದಿನಾಲ್ಕು.
ಹದಿನೇಳನೆಯ ಬೆಳಿಗ್ಗೆ ಒಂದು ಬಿಳಿ ಕೊಕ್ಕೆ.
ಕೊನೆಗೆ ನೂರಕ್ಕೆ ಏಳು.
ಪಾದ್ರಿಯ ಹತ್ತಿರ ಹೇಳಿಕೊಂಡೆ.
ಭಾನುವಾರ ಬರುವವರ ಲೆಕ್ಕವೂ ಅಷ್ಟೇ, ಅಂದರು.

ಏಳಕ್ಕೂ ಜೇನು ಮುಟ್ಟದ ಹಾಗೆ ಪರದೆ ಬೇಕು.
ಪೆಟ್ಟಿಗೆಯ ತಳದಲ್ಲಿ ಐವತ್ತೆರಡು ವರ್ಷದಿಂದ ಮಡಿಸಿಟ್ಟ
ಮದುವೆಯ ಮುಸುಕಿತ್ತು.
ನಗುವವರು ನಗಲಿ ಎಂದು
ವಿಲ್ಲೋ ಕಡ್ಡಿ ಬಗ್ಗಿಸಿ ಹೊದಿಸಿಯೇ ಬಿಟ್ಟೆ.
ಒಳಗೆ ಏಳು ಮದುವಣಗಿತ್ತಿಯರು, ಗಂಡಿನ ಕಡೆಯವರು ಯಾರೂ ಇಲ್ಲ.
ಮೆಣಸಿನ ಹೂವಿಗೆ ಬೇಕಾಗಿಯೂ ಇಲ್ಲ; ಇಬ್ಬರೂ ಒಳಗೇ ಇರುತ್ತಾರೆ.
ಮಧ್ಯಾಹ್ನದ ಬಿಸಿಲಲ್ಲಿ ಟೊಂಗೆಗೆ ಬೆರಳಿಂದ ಎರಡು ಸಲ ತಟ್ಟಿದರೆ
ಹುಡಿ ಉದುರಿ ಕೆಲಸ ಮುಗಿಯುತ್ತದೆ.
ಹೊರಗೆ ಜೇನು ಬಲೆಗೆ ಹಣೆ ಬಡಿದುಕೊಂಡು
ಬೈಯುತ್ತ ಹೋಗುತ್ತಿತ್ತು ನಿನ್ನ ಕಡೆಗೆ.

ಜುಲೈಯ ಗಾಳಿಮಳೆಗೆ ಕಡ್ಡಿ ಮುರಿಯಿತು.
ಬೆಳಿಗ್ಗೆ ಎದ್ದು ನೋಡಿದರೆ
ಯಾರೋ ತಂತಿ ಬಾಗಿಸಿ ಹುಗಿದಿದ್ದಾರೆ,
ಹರಿದಲ್ಲಿ ಮುಸುಕಿಗೆ ಹೊಲಿಗೆ:
ಗೋಣಿಚೀಲದ ಬಾಯಿಗೆ ಹಾಕುವಂಥ ಒರಟು ಗಂಟು.
ನಾನು ಕೇಳಲಿಲ್ಲ. ನೀನು ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಕೆಂಪೇರಿತು.
ಬೀಜಕ್ಕೆ ಮೊದಲ ಕಾಯಿಯಲ್ಲ, ದೊಡ್ಡದೂ ಅಲ್ಲ;
ಗಿಡದ ನಡುವಿನದು, ತೊಟ್ಟು ಸುಕ್ಕಾದದ್ದು.
ಒಣಗಿದ ಮೇಲೆ ಉಗುರಿಂದ ಒತ್ತಿದರೆ ಬಾಗಬಾರದು,
ಪಟ್ಟನೆ ಮುರಿಯಬೇಕು.
ಒಂದನ್ನು ಸೀಳಿ ನಾಲಿಗೆಗಿಟ್ಟೆ. ಕಿವಿಯವರೆಗೂ ಉರಿ.
ಅತ್ತೆ ಬಂದು ಎದುರಿಗೆ ಕೂತಂತಾಯಿತು,
ನೀರು ಕೊಡಲೂ ಏಳದೆ.

ಈಗ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೀಯ.
ಬೇಲಿಯ ಎರಡೂ ಕಡೆ ಒಂದೇ ತಳಿ ಹಾಕೋಣ,
ಜೇನು ಎಲ್ಲಿ ಬೇಕಾದರೂ ಸುತ್ತಲಿ, ಅನ್ನುತ್ತೀಯ.
ಇಷ್ಟು ಹೊಳೆಯಲು ಎರಡು ವರ್ಷ ಹಿಡಿಯಿತೆ?
ತಗೋ. ನಲವತ್ತು ಬೀಜ, ಎಣಿಸಿದ್ದೇನೆ.
ನನ್ನ ಡಬ್ಬಿಗೆ ಇಲಿ ಬಿದ್ದ ವರ್ಷ
ನಿನ್ನ ಮನೆಗೇ ಬರಬೇಕು ನಾನು.
ಆಗ ನೀನು ಎಣಿಸಬೇಡ.

ಇನ್ನೊಂದು ಸಂಗತಿ ನಿನಗೆ ಹೇಳುವುದಿಲ್ಲ:
ಕಾಲುವೆಯಂಚಿಗೆ ತಾನಾಗಿ ಹುಟ್ಟಿತ್ತು
ಆ ಬೆರಕೆಯದೊಂದು ಗಿಡ.
ಕೀಳಲೆಂದೇ ಬಗ್ಗಿದವಳು ಯಾಕೋ ಕಾಯಿ ಕಚ್ಚಿದೆ.
ಮೊದಲು ಸಿಹಿ. ಖಾರ ಬಹಳ ತಡವಾಗಿ ಬಂತು,
ಬಂದದ್ದು ಸಂಜೆಯವರೆಗೂ ಹೋಗಲಿಲ್ಲ.
ಅದರ ಬೀಜ ಬೇರೆ ಲಕೋಟೆಯಲ್ಲಿದೆ,
ಹಿಟ್ಟಿನ ಡಬ್ಬಿಯ ಹಿಂದೆ.
ಮೇಲೆ ಹೆಸರು ಬರೆಯಬೇಕು;
ಪೆನ್ಸಿಲ್ ಹುಡುಕುತ್ತಿದ್ದೇನೆ.